ಸಾಹುಕಾರನ ಆಕಳಿಕೆ

ನೀವೇನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನನಗೆ ಮುಜುಗರವಾಗುತ್ತದೆ. ನನ್ನದು ಅಪರಿಚಿತಳಾಗುವ ಕೆಲಸ. ಅಕ್ಕ ನಾಯಿಗಳಿಗೆ ತರಬೇತಿ ಕೊಡುತ್ತಾಳೆ. ಹೊಸಬರನ್ನು ಕಂಡರೆ ಹಾರಿ ಬೀಳುವ ನಾಯಿಗೆ ಅಭ್ಯಾಸ ಮಾಡಿಸಬೇಕಾದರೆ ಹೊಸಬರೊಬ್ಬರು ಬೇಕಲ್ಲ, ಅದು ನಾನು. ಒಂದು ದಿನ ಟೋಪಿ ಹಾಕಿಕೊಂಡು, ಇನ್ನೊಂದು ದಿನ ಕೊಡೆ ಬಿಚ್ಚಿಕೊಂಡು, ಮತ್ತೊಂದು ದಿನ ಸುಮ್ಮಸುಮ್ಮನೆ ಕುಂಟುತ್ತ, ನಾಯಿಯ ಕಡೆ ತಿರುಗಿಯೂ ನೋಡದೆ ಆ ಗೋಡೆಯಿಂದ ಈ ಗೋಡೆಗೆ ನಡೆದುಹೋಗಬೇಕು. ತೊಂದರೆ ಏನೆಂದರೆ ನಾಯಿಗಳಿಗೆ ಮರೆವು ಕಡಿಮೆ. ನಾಲ್ಕು ಸಲ ಕಂಡರೆ ಸಾಕು, ಬಾಲ ಅಲ್ಲಾಡಿಸಲು ಶುರುಮಾಡುತ್ತವೆ. ಆಗ ಅಕ್ಕ ಬೈಯುವುದು ನನ್ನನ್ನೇ.

"ನಿನ್ನ ನಡಿಗೇನೇ ಸರಿಯಿಲ್ಲ ಕಣೆ ಪುಟ್ಟಿ. ಒಂದು ಮೈಲಿ ದೂರದಿಂದ್ಲೇ ಗೊತ್ತಾಗುತ್ತೆ."

ತಲೆಗೂದಲು ನೆರೆತ ಮೇಲೂ ನಾನು ಪುಟ್ಟಿಯೇ. ಮೂಗಿನ ತುದಿಯ ಕೋಪ ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದದ್ದು. ಅದರಲ್ಲಿ ಅವಳ ಪಾಲು ದೊಡ್ಡದೆಂದು ನಾನು, ನನ್ನ ಪಾಲು ದೊಡ್ಡದೆಂದು ಅವಳು.

ಅಕ್ಕ ಹುಟ್ಟಾ ನಾಯಿಪ್ರಿಯಳೇನಲ್ಲ. ಮೊದಲು ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ತಪಾಸಣೆ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಹೊಲಿದು ಬಂದ ಅಂಗಿಗಳನ್ನು ಒಳಹೊರಗು ಮಾಡಿ, ಎಲ್ಲಿ ಹೊಲಿಗೆ ತಪ್ಪಿದೆ, ಎಲ್ಲಿ ದಾರ ಜಗ್ಗಿದೆ ಎಂದು ಹುಡುಕುವ ಕೆಲಸ. ಈಗಲೂ ಯಾರಾದರೂ ಎದುರು ಬಂದರೆ ಮೊದಲು ಅವರ ಕಾಲರ್ ನೋಡಿ, ಆಮೇಲೆ ಮುಖ ನೋಡುತ್ತಾಳೆ. ಆ ಕಾರ್ಖಾನೆಯ ಹಿಂದಿನ ಗೇಟಿಗೆ ಒಂದು ಕಾವಲು ನಾಯಿಯನ್ನು ಕಟ್ಟಿಹಾಕಿದ್ದರು. ಹುಲಿಯಂಥ ನಾಯಿ ಎಂದು ಕಾವಲುಗಾರರಿಗೆ ಭಾರೀ ಹೆಮ್ಮೆ. ಊಟದ ಬೆಂಚಿನಿಂದ ಅದನ್ನು ನೋಡುತ್ತಿದ್ದ ಅಕ್ಕನಿಗೆ ಮಾತ್ರ ಬೇರೆಯೇ ಕಂಡಿತು. ಯಾರಾದರೂ ಹತ್ತಿರ ಬಂದರೆ ಆ ನಾಯಿ ಮೊದಲು ಮುಖ ಆಚೆ ತಿರುಗಿಸುತ್ತಿತ್ತು, ಮೂತಿ ನೆಕ್ಕಿಕೊಳ್ಳುತ್ತಿತ್ತು, ಆಕಳಿಸುತ್ತಿತ್ತು. ಬೊಗಳುತ್ತಿದ್ದದ್ದು ಇದೆಲ್ಲ ಆದ ಮೇಲೆ.

"ಅದಕ್ಕೆ ಸಿಟ್ಟಲ್ಲ, ಹೆದರಿಕೆ" ಎಂದು ಅಕ್ಕ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ತನ್ನ ಊಟದ ಜಾಗವನ್ನು ಹಿಂದಿನ ಗೋಡೆಗೆ ಬದಲಾಯಿಸಿದಳು. ನಾಯಿಗೆ ಬೆನ್ನು ಹಾಕಿ ಕೂತು, ಒಂದೊಂದು ತುತ್ತು ಎಸೆಯುತ್ತ, ದಿನಕ್ಕೊಂದಿಷ್ಟು ಹತ್ತಿರ ಸರಿದಳು. ಕಾರ್ಖಾನೆ ಮುಚ್ಚುವ ಹೊತ್ತಿಗೆ ಆ ಹುಲಿ ಅವಳ ಪಾದದ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿತ್ತು. ಯಂತ್ರಗಳು ಮಾರಾಟವಾದವು. ಅಕ್ಕ ನಾಯಿಯನ್ನೂ, ಉಳಿದ ದಾರದ ಉರುಳೆಗಳ ಒಂದು ಚೀಲವನ್ನೂ ಮನೆಗೆ ತಂದಳು. ಎರಡನ್ನೂ ಕಂಡು ಅಮ್ಮ ತಲೆ ಚಚ್ಚಿಕೊಂಡಳು.

ಮುಚ್ಚಿದ ಕಾರ್ಖಾನೆಯ ಅಂಗಳವೇ ಈಗ ಅವಳ ಶಾಲೆ. ಸುತ್ತ ಎತ್ತರದ ಗೋಡೆ, ಬಿರುಕು ಬಿಟ್ಟ ಸಿಮೆಂಟ್ ನೆಲ, ಕಿರ್ರೆನ್ನುವ ಕಬ್ಬಿಣದ ಗೇಟು. ನಾಯಿಗಳ ಜೊತೆ ಅವಳಿಗಿರುವ ತಾಳ್ಮೆ ಕಂಡರೆ ನನಗೇ ಹೊಟ್ಟೆಕಿಚ್ಚು. ಮನುಷ್ಯರ ಜೊತೆ ಮಾತ್ರ ಅವಳ ಮಾತು ಮುಖಕ್ಕೆ ಹೊಡೆದ ಹಾಗೆ. ಅವಳ ತಪ್ಪೂ ಅಲ್ಲ ಬಿಡಿ. ಬರುವವರೂ ಹಾಗೇ ಇರುತ್ತಾರೆ. ನಾಯಿ ಆಕಳಿಸಿದರೆ ಸೋಮಾರಿ ಎನ್ನುತ್ತಾರೆ. ನೆಲ ಮೂಸುತ್ತ ನಿಂತರೆ ಹೇಳಿದ ಮಾತು ಕೇಳದ ಹಟಮಾರಿ ಎನ್ನುತ್ತಾರೆ. ಕೊಟ್ಟ ತಿಂಡಿ ಮುಟ್ಟದಿದ್ದರೆ ಕೊಬ್ಬು ಎನ್ನುತ್ತಾರೆ. ಒಂದು ಮುಂಗಾಲು ಎತ್ತಿಕೊಂಡು, ಬಾಲ ಒಳಗೆ ಸೇರಿಸಿ, ಕಣ್ಣಿನ ಬಿಳಿ ಕಾಣುವಷ್ಟು ಓರೆ ನೋಡುತ್ತಿದ್ದರೆ, "ಎಷ್ಟು ಮುದ್ದಾಗಿದೆ ನೋಡಿ" ಎಂದು ಫೋಟೋ ತೆಗೆಯುತ್ತಾರೆ. ಆಮೇಲೆ ಅದು ಹಲ್ಲು ತೋರಿಸಿದರೆ, ಇದ್ದಕ್ಕಿದ್ದಂತೆ ಕಚ್ಚಲು ಬಂತು ಎನ್ನುತ್ತಾರೆ. ಇದ್ದಕ್ಕಿದ್ದಂತೆ! ಪಾಪ, ಅದು ಅಷ್ಟು ಹೊತ್ತಿನಿಂದ ತನಗೆ ಬರುವ ಎಲ್ಲ ರೀತಿಯಲ್ಲೂ ಹೇಳುತ್ತಲೇ ಇತ್ತು. ಕೇಳಿಸಿಕೊಂಡವರಿಲ್ಲ, ಅಷ್ಟೆ.

"ಏನು ಮಾಡ್ಬೇಕು ಹಾಗಾದ್ರೆ?" ಎಂದು ಕೇಳಿದವರಿಗೆಲ್ಲ ಅಕ್ಕನದು ಒಂದೇ ಉತ್ತರ. "ಮೊದಲು ದೂರ ಸರಿದು ನಿಲ್ಲಿ. ಅರ್ಧ ಕಾಯಿಲೆ ಅದರಲ್ಲೇ ಹೋಗುತ್ತೆ."

ಇಂಥ ಅಂಗಳಕ್ಕೆ ಒಂದು ಬೆಳಗ್ಗೆ ಬಸ್ ಡ್ರೈವರ್ ಬಂದರು. ಡ್ಯೂಟಿಯ ಅಂಗಿ, ದಪ್ಪ ಮೀಸೆ, ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಹರಿದ ಕೊಡೆ. ಹಗ್ಗದ ತುದಿಯಲ್ಲಿ ಕಂದು ಬಣ್ಣದ ದೊಡ್ಡ ನಾಯಿ. ಮನೆಯ ಒಂದೇ ಸೋಫಾದ ಮೇಲೆ ಕಾಲು ಚಾಚಿ ಮಲಗುತ್ತದೆಂದು ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟಿದ್ದರಂತೆ. ನಮ್ಮ ಅಂಗಳದಲ್ಲಿ ಮಾತ್ರ ಆ ಸಾಹುಕಾರ ಗೋಡೆಗೆ ಅಂಟಿಕೊಂಡು ನಿಂತಿದ್ದ.

"ಇದು ನಮ್ಮ ಅಪಾರ್ಟ್‌ಮೆಂಟ್ ವಾಚ್‌ಮನ್ ಕೊಡೆ ಮೇಡಂ. ಹರಿದಿದ್ದು ಇವನು" ಎಂದರು ಡ್ರೈವರ್.

"ವಾಚ್‌ಮನ್‌ಗೆ ಏನಾಯ್ತು?" ಅಕ್ಕ ಕೇಳಿದಳು.

"ಅವನಿಗೇನೂ ಆಗಲಿಲ್ಲ. ಆದ್ರೆ ಅವನು ಕಿರುಚಿದ್ದಕ್ಕೆ ಇಡೀ ಬಿಲ್ಡಿಂಗ್ ಕೆಳಗಿಳಿದು ಬಂತು."

ಬಂದ ಬಿಲ್ಡಿಂಗ್ ಅಲ್ಲೇ ನಿಂತು ತೀರ್ಮಾನ ಮಾಡಿತ್ತು. ಮುಂದಿನ ಸಭೆಯ ದಿನ ಎಲ್ಲರ ಎದುರು ನಾಯಿ ಗೇಟಿನಿಂದ ತನ್ನ ಮನೆ ಬಾಗಿಲವರೆಗೆ ಸುಮ್ಮನೆ ನಡೆದುಹೋಗಬೇಕು. ಬೊಗಳಬಾರದು, ಹಾರಬಾರದು, ಅರ್ಧದಲ್ಲಿ ವಾಪಸು ಹೋಗಬಾರದು. ತಪ್ಪಿದರೆ ನಾಯಿಯನ್ನು ಬಿಟ್ಟುಬರಬೇಕು, ಇಲ್ಲವೇ ನಾಯಿ ಸಮೇತ ಮನೆ ಖಾಲಿ ಮಾಡಬೇಕು. ಡ್ರೈವರ್ ಹೆಂಡತಿ ನರ್ಸ್. ಅವರ ಆಸ್ಪತ್ರೆ ಆ ಮನೆಯ ಎದುರು ರಸ್ತೆಯಲ್ಲೇ ಇತ್ತು. ಆ ಒಂದು ಕಾರಣಕ್ಕೆ ಹುಡುಕಿ ಹುಡುಕಿ ಹಿಡಿದ ಬಾಡಿಗೆ ಮನೆ ಅದು.

"ಇವನನ್ನ ಆಸ್ಪತ್ರೆ ಹಿತ್ತಲಿಂದ ಎತ್ಕೊಂಡು ಬಂದಿದ್ದೇ ನಮ್ಮನೆಯವಳು. ನಾಯಿ ಹೋದ್ರೆ ಅವಳು ನನ್ನ ಜೊತೆ ಮಾತಾಡಲ್ಲ. ಮನೆ ಹೋದ್ರೂ ಮಾತಾಡಲ್ಲ" ಎಂದರು ಡ್ರೈವರ್. ಅಷ್ಟರಲ್ಲಿ ಸಾಹುಕಾರ ಬಾಯಿ ಅಗಲಿಸಿ ಆಕಳಿಸಿದ. "ನೋಡಿ ಮೇಡಂ, ನನ್ನ ಸಂಸಾರ ಬೀದಿಗೆ ಬರೋ ಹೊತ್ತಲ್ಲಿ ಇವನಿಗೆ ನಿದ್ದೆ."

"ನಿದ್ದೆಯಲ್ಲ ರೀ. ನಿಮ್ಮ ಸಾಹುಕಾರ ಹೆದರಿ ಸಾಯ್ತಿದಾನೆ" ಎಂದಳು ಅಕ್ಕ. "ಮೂತಿ ಎಷ್ಟು ಸಲ ನೆಕ್ಕಿಕೊಂಡ ನೋಡಿದ್ರಾ? ಸುಸ್ತಾದಾಗ ಆಕಳಿಸೋದು ಬೇರೆ. ಹೊಸ ಜಾಗದಲ್ಲಿ ಮೈ ಬಿಗಿ ಹಿಡ್ಕೊಂಡು ಆಕಳಿಸೋದು ಬೇರೆ."

ಡ್ರೈವರ್ ನಂಬಲಿಲ್ಲ. ನಂಬದವರನ್ನು ಅಕ್ಕ ಸಾಮಾನ್ಯವಾಗಿ ಗೇಟಿನ ಆಚೆ ಕಳಿಸುತ್ತಾಳೆ. ಅಂದು ಕಳಿಸಲಿಲ್ಲ. ನಾಯಿಯನ್ನು ನೋಡಿದಳೋ, ಹೆಂಡತಿ ಮಾತು ಬಿಟ್ಟಾಳೆಂಬ ಭಯದಲ್ಲಿದ್ದ ಮನುಷ್ಯನನ್ನು ನೋಡಿದಳೋ ಗೊತ್ತಿಲ್ಲ.

ಮರುದಿನದಿಂದ ನನ್ನ ಡ್ಯೂಟಿ ಶುರುವಾಯಿತು. ಅಂಗಳದ ಆ ತುದಿಯ ಮೂಲೆಯಿಂದ ಕೊಡೆ ಹಿಡಿದು ಹೊರಬರುವುದು, ನಡೆಯುವುದು, ಮರೆಯಾಗುವುದು. ಈ ತುದಿಯಲ್ಲಿ ಅಕ್ಕ ಸಾಹುಕಾರನ ಹಗ್ಗ ಹಿಡಿದು ನಿಲ್ಲುತ್ತಿದ್ದಳು. ನನ್ನನ್ನು ಕಂಡೂ ಅವನು ಕೋಳಿ ಚೂರು ತಿನ್ನಲು ಮನಸ್ಸು ಮಾಡುವಷ್ಟು ದೂರ ಎಲ್ಲಿದೆ ಎಂದು ಮೊದಲು ಹುಡುಕಿದಳು. ಅಷ್ಟು ದೂರದಲ್ಲಿ ನಾನು ಕಂಡ ಕೂಡಲೇ ಒಂದು ಚೂರು, ನಾನು ಮರೆಯಾದ ಕೂಡಲೇ ಚೂರೂ ಬಂದ್. ಅವನು ಮೂತಿ ನೆಕ್ಕಿಕೊಂಡರೆ ಅಂದಿಗೆ ಹತ್ತಿರ ಬರುವುದು ಸಾಕು. ಮುಖ ತಿರುಗಿಸಿದರೆ ಇನ್ನೂ ಹಿಂದಕ್ಕೆ. ಹಾಗೆಯೇ ದಿನ ಕಳೆದಂತೆ ನನ್ನ ದಾರಿ ಅವನ ಹತ್ತಿರಕ್ಕೆ ಬಂತು. ಕೊನೆಗೆ ಕೊಡೆಯ ನೆರಳು ಅವನ ಬೆನ್ನ ಮೇಲೆ ಬಿದ್ದರೂ ಅವನು ಅಕ್ಕನ ಜೇಬು ಮೂಸುತ್ತ ನಿಲ್ಲುವಂತಾದ. ನನಗಂತೂ ಗೆದ್ದೆವೆಂದೇ ಅನ್ನಿಸಿತು.

ಆಮೇಲೆ ಅಕ್ಕ ಹಗ್ಗವನ್ನು ಡ್ರೈವರ್ ಕೈಗೆ ಕೊಟ್ಟಳು. ನಾನು ಮೂಲೆಯಿಂದ ಇಣುಕಿದ್ದೇ ತಡ, ಸಾಹುಕಾರ ಹಿಂಗಾಲ ಮೇಲೆ ಎದ್ದು, ನಾನೇ ಅವನ ಅಪ್ಪನನ್ನು ಕೊಂದವಳೆಂಬಂತೆ ಬೊಗಳಿದ.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಅಕ್ಕನ ಕೈಯಲ್ಲಿ ಹಸುವಿನಂತಿದ್ದ ನಾಯಿ ಡ್ರೈವರ್ ಕೈಯಲ್ಲಿ ಪಟಾಕಿ. ನನಗೆ ಪಿತ್ತ ನೆತ್ತಿಗೇರಿತು. ಬಿಸಿಲಲ್ಲಿ ಕೊಡೆ ಹಿಡಿದು ಹುಚ್ಚಿಯ ಹಾಗೆ ಓಡಾಡಿದ್ದೆಲ್ಲ ನೀರಲ್ಲಿ ಹೋಮ.

"ನಾನು ದಿನಾ ಬಸ್ ತುಂಬ ಜನರನ್ನ ಸುಮ್ಮನೆ ಕೂರಿಸ್ತೀನಿ ಮೇಡಂ, ಈ ಒಂದು ಪ್ರಾಣಿ ನನ್ನ ಮಾತು ಕೇಳಲ್ಲ" ಎಂದು ಡ್ರೈವರ್ ಹಲ್ಲು ಕಡಿದರು.

ಅಕ್ಕ ಮಾರನೆಯ ದಿನ ನನ್ನನ್ನು ಎಳೆದುಕೊಂಡು ಹೋಗಿ ಅವರ ಬಸ್ಸನ್ನೇ ಹತ್ತಿದಳು. ಡ್ರೈವರ್ ಸೀಟಿನ ಹಿಂದೆಯೇ ಕೂತು, ಕೊನೆಯ ಸ್ಟಾಪ್‌ವರೆಗೂ ಅವರ ಕಾಲುಗಳನ್ನೇ ನೋಡಿದಳು. ಪಕ್ಕದವರು ಏನಂದುಕೊಂಡರೋ, ನನಗಂತೂ ಮೈಯೆಲ್ಲ ಮುಳ್ಳು. ಇಳಿದ ಮೇಲೆ ಹೇಳಿದಳು, "ಎಂಥ ಒಳ್ಳೆ ಡ್ರೈವರ್ ನೋಡೆ. ರಸ್ತೆ ಪಕ್ಕ ಯಾರಾದ್ರೂ ನಿಂತಿದ್ದು ಕಂಡ್ರೆ ಸಾಕು, ಅವರು ರಸ್ತೆಗೆ ಕಾಲಿಡೋಕೆ ಮುಂಚೆನೇ ಬ್ರೇಕ್ ಮೇಲೆ ಕಾಲು. ಅದೇ ರೋಗ."

"ಯಾವ ರೋಗ?"

"ಅಂಗಳದಲ್ಲೂ ಅದನ್ನೇ ಮಾಡ್ತಾರೆ, ಕೈಯಲ್ಲಿ. ನೀನು ಮೂಲೆಯಿಂದ ಬಂದೆ ಅಂತ ನಾಯಿಗೆ ಗೊತ್ತಾಗೋದು ನಿನ್ನನ್ನ ನೋಡಿ ಅಲ್ಲ. ಕುತ್ತಿಗೆ ಬಿಗಿಯಾಯ್ತಲ್ಲ, ಅದರಿಂದ. ಯಜಮಾನನೇ ಬ್ರೇಕ್ ಹಾಕಿದ ಅಂದ್ಮೇಲೆ ಮುಂದೆ ಏನೋ ಅಪಾಯ ಇದೆ ಅಂತ ತಾನೇ?"

ಹಗ್ಗ ಎಳೆಯಬೇಡಿ ಎಂದು ಹೇಳಿದರೆ ಡ್ರೈವರ್ ಆಣೆ ಇಟ್ಟು ಹೇಳಿದರು, ನಾನು ಎಳೆಯುತ್ತಲೇ ಇಲ್ಲ ಎಂದು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಕೈ ಏನು ಮಾಡುತ್ತಿದೆ ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ಅಕ್ಕ ಮನೆಗೆ ಬಂದು, ಮಂಚದ ಕೆಳಗಿನಿಂದ ಕಾರ್ಖಾನೆಯ ಕಾಲದ ದಾರದ ಚೀಲ ಎಳೆದಳು. ಅಂಗಳದ ಗೇಟಿಗೆ ಬೀಗ ಹಾಕಿ, ಹಗ್ಗಕ್ಕೂ ಸಾಹುಕಾರನ ಕೊರಳಪಟ್ಟಿಗೂ ನಡುವೆ ಒಂದೇ ಎಳೆ ಹೊಲಿಗೆ ದಾರ ಕಟ್ಟಿದಳು. ನಾಯಿ ನುಗ್ಗಿದರೆ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಲೆಂದು, ನನ್ನನ್ನು ಅಂಗಳದ ಆಚೆ ತುದಿಯಲ್ಲಿ ಒಂದು ಕೋಣೆಯ ಮರೆಯಲ್ಲಿ ನಿಲ್ಲಿಸಿದಳು.

"ಇದು ಹರೀದೇ ಇದ್ರೆ ನೀವು ಎಳೆದಿಲ್ಲ ಅಂತ ಒಪ್ಕೋತೀನಿ" ಎಂದಳು.

ನಾನು ಒಂದು ಹೆಜ್ಜೆ ಹೊರಗಿಟ್ಟೆ. ದಾರ ಪಟ್ಟೆಂದು ಹರಿಯಿತು. ಡ್ರೈವರ್ ತಮ್ಮ ಕೈಯಲ್ಲಿ ಉಳಿದ ಖಾಲಿ ಹಗ್ಗವನ್ನು ನೋಡುತ್ತ ನಿಂತರು. ಹಗ್ಗ ಬಿಟ್ಟುಹೋದದ್ದೇ ಸಾಹುಕಾರ ಬೊಗಳಲೂ ಮರೆತು ಅವರ ಮುಖ ನೋಡಿದ.

ಆಮೇಲಿನ ದಿನಗಳು ನೆನಪಾದರೆ ಈಗಲೂ ತಲೆ ಬಿಸಿಯಾಗುತ್ತದೆ. ಅಕ್ಕ ಕಟ್ಟುವುದು, ಅವರು ಹರಿಯುವುದು. ನೀಲಿ ಉರುಳೆ ಮುಗಿಯಿತು, ಬಿಳಿ ಮುಗಿಯಿತು. ಹರಿದಾಗಲೆಲ್ಲ ಡ್ರೈವರ್ ತಮ್ಮ ಕೈಗೇ ಇನ್ನೊಂದು ಕೈಯಿಂದ ಹೊಡೆದುಕೊಳ್ಳುತ್ತಿದ್ದರು. "ಅದನ್ನೂ ಹೆದರಿಸಬೇಡಿ" ಎಂದು ಅಕ್ಕ ರೇಗುತ್ತಿದ್ದಳು. ನಾನು ಕೊಡೆ ಎಸೆದು, "ನನ್ನ ಕೈಲಾಗಲ್ಲ ಅಕ್ಕ, ಅವರು ಈ ಜನ್ಮದಲ್ಲಿ ಕಲಿಯಲ್ಲ" ಎಂದು ಕೂಗಿದ್ದೂ ಉಂಟು. ಅಕ್ಕ ತಣ್ಣಗೆ, "ಕೊಡೆ ಎತ್ಕೊ" ಎಂದಳು.

ಹಳದಿ ಉರುಳೆಯ ಕೊನೆಕೊನೆಗೆ ಒಂದು ದಿನ ನಾನು ಮೂಲೆಯಿಂದ ಹೊರಟು, ಅವರಿಬ್ಬರ ಪಕ್ಕದಲ್ಲೇ ಹಾದು, ಎದುರು ಗೋಡೆ ಮುಟ್ಟಿದೆ. ಹಿಂದೆ ಯಾವ ಸದ್ದೂ ಇಲ್ಲ. ತಿರುಗಿ ನೋಡಿದರೆ ದಾರ ಹಾಗೇ ಇತ್ತು. ಡ್ರೈವರ್ ಬೆವೆತು ತೊಪ್ಪೆಯಾಗಿದ್ದರು. ಸಾಹುಕಾರ ಬಾಲ ಆಡಿಸುತ್ತಿದ್ದ.

ಸಾಹುಕಾರನಿಗೆ ಅಷ್ಟರಲ್ಲಿ ನನ್ನ ಗುರುತು ಹತ್ತಿತ್ತು, ಅದು ಬೇರೆ ಮಾತು. ಅಕ್ಕನಿಗೂ ಅದು ಗೊತ್ತಿತ್ತು. ಇನ್ನೊಂದು ತಿಂಗಳು ಸಿಕ್ಕರೆ ಬೇರೆ ಬೇರೆ ಜನ, ಬೇರೆ ಬೇರೆ ಬೀದಿ ನೋಡಿಸಬಹುದಿತ್ತು. ಆದರೆ ಸಭೆಯ ದಿನ ಬಂದೇಬಿಟ್ಟಿತು.

ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಜನ ಎರಡು ಸಾಲಾಗಿ ಕೂತಿದ್ದರು. ನಡುವೆ ಗೇಟಿನಿಂದ ಮೆಟ್ಟಿಲವರೆಗೆ ದಾರಿ. ಮೆಟ್ಟಿಲ ಬುಡದಲ್ಲಿ ವಾಚ್‌ಮನ್, ಕೈಯಲ್ಲಿ ಹೊಸ ಕೊಡೆ. ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿಯವರು ಸಣ್ಣ ಆಳು, ದೊಡ್ಡ ದನಿ. ನಾನೂ ಅಕ್ಕನೂ ಗೇಟಿನ ಬಳಿ ನಿಂತೆವು. ನರ್ಸ್ ಮೇಲಿನ ಬಾಲ್ಕನಿಯಲ್ಲಿ, ಡ್ಯೂಟಿಯ ಬಿಳಿ ಬಟ್ಟೆಯಲ್ಲೇ ಕಂಬಿ ಹಿಡಿದು ನಿಂತಿದ್ದರು.

ಡ್ರೈವರ್ ಹೊರಟರು. ಹಗ್ಗ ಸಡಿಲವಾಗಿ ಜೋತಾಡುತ್ತಿತ್ತು. ಮೊದಲ ಕುರ್ಚಿಗಳು ದಾಟಿದವು. ಯಾರೋ ಕೆಮ್ಮಿದರು, ಸಾಹುಕಾರ ಕಿವಿ ತಿರುಗಿಸಿದ, ಹಗ್ಗ ಹಾಗೇ ಇತ್ತು. ಒಂದು ಕುರ್ಚಿ ಕಿರುಗುಟ್ಟಿತು. ಆಗಲೂ ಹಾಗೇ ಇತ್ತು.

"ನನ್ನ ಕೈ ಬಿಡೆ, ರಕ್ತ ಓಡ್ತಿಲ್ಲ" ಎಂದಳು ಅಕ್ಕ. ನಾನು ಯಾವಾಗ ಅವಳ ಮಣಿಕಟ್ಟು ಹಿಡಿದೆನೋ ನನಗೇ ಗೊತ್ತಿರಲಿಲ್ಲ.

ಇನ್ನೇನು ಮೆಟ್ಟಿಲು ಬಂತು ಎನ್ನುವಾಗ ಸೆಕ್ರೆಟರಿ ಕೈಸನ್ನೆ ಮಾಡಿದರು. ವಾಚ್‌ಮನ್ ಫಟ್ಟನೆ ಕೊಡೆ ಬಿಚ್ಚಿದ. ಸಾಹುಕಾರ ನಿಂತಲ್ಲೇ ಕಲ್ಲಾದ. ಒಂದು ಮುಂಗಾಲು ಮೇಲೆದ್ದಿತು. ಮೂತಿ ನೆಕ್ಕಿಕೊಂಡ, ಇನ್ನೊಮ್ಮೆ ನೆಕ್ಕಿಕೊಂಡ, ಆಮೇಲೆ ಬಾಯಿ ಅಗಲಿಸಿ ಉದ್ದನೆಯ ಆಕಳಿಕೆ ತೆಗೆದ.

"ಅರೆ, ಇದಕ್ಕೆ ನಿದ್ದೆ ಬರ್ತಿದೆ ನೋಡ್ರಪ್ಪ!" ಎಂದು ಸೆಕ್ರೆಟರಿ ನಕ್ಕರು. ಕುರ್ಚಿಗಳೆಲ್ಲ ನಕ್ಕವು. "ಇಷ್ಟು ಆರಾಮಾಗಿರೋ ನಾಯಿಗೆ ನಾವು ಸುಮ್ಮನೆ ಹೆದರಿಬಿಟ್ವಿ. ಆಯ್ತು ಆಯ್ತು, ಹತ್ತಿಬಿಡಿ ಮೇಲೆ."

ನನಗೆ ಕುಣಿಯಬೇಕೆನ್ನಿಸಿತು. ಇಷ್ಟು ವರ್ಷ ಆ ಆಕಳಿಕೆ ಅರ್ಥವಾಗದ ಜನರ ಮೇಲೆ ಹರಿಹಾಯುತ್ತಿದ್ದ ನಾನು, ಅಂದು ಅವರ ಅಜ್ಞಾನಕ್ಕೆ ಕೈಮುಗಿದೆ. ಮುಗಿಯಿತಲ್ಲ! ವಾಚ್‌ಮನ್ ಪಕ್ಕದಲ್ಲಿ ನಾಲ್ಕು ಹೆಜ್ಜೆ ನಡೆದು ಮೆಟ್ಟಿಲು ಹತ್ತಿದರೆ ಮನೆ ಉಳಿಯಿತು, ನಾಯಿ ಉಳಿಯಿತು, ಹೆಂಡತಿಯ ಮಾತೂ ಉಳಿಯಿತು.

ಡ್ರೈವರ್ ನಡೆಯಲಿಲ್ಲ. ಸಾಹುಕಾರನನ್ನು ನೋಡುತ್ತ ನಿಂತರು. ಅವನೂ ತಲೆಯೆತ್ತಿ ಅವರನ್ನು ನೋಡಿ, ಎತ್ತಿದ ಕಾಲನ್ನು ನಿಧಾನವಾಗಿ ಮುಂದಿಟ್ಟ. ಆಗ ಡ್ರೈವರ್, ದೊಡ್ಡ ಬಸ್ಸನ್ನು ತಿರುಗಿಸುವ ಹಾಗೆ ಅಗಲವಾದ ತಿರುವು ತೆಗೆದುಕೊಂಡು, ಮೆಟ್ಟಿಲಿಗೆ ಬೆನ್ನು ಹಾಕಿ ಗೇಟಿನ ಕಡೆ ವಾಪಸು ಬಂದರು. ಹಗ್ಗ ಆಗಲೂ ಸಡಿಲವಾಗಿಯೇ ಇತ್ತು.

"ಏನ್ರೀ ಇದು? ವಾಪಸ್ ಹೋದ್ರೆ ಲೆಕ್ಕಕ್ಕಿಲ್ಲ ಅಂತ ಹೇಳಿದ್ವಲ್ಲ!" ಸೆಕ್ರೆಟರಿ ಕೂಗಿದರು.

"ಅವನಿಗೆ ಹೆದರಿಕೆ ಆಗ್ತಿದೆ ಸಾರ್. ಇವತ್ತಿಗೆ ಸಾಕು. ಇನ್ನೊಂದು ದಿನ ಬರ್ತೀವಿ."

"ಇನ್ನೊಂದು ದಿನ ಅನ್ನೋದೆಲ್ಲ ಇಲ್ಲ. ನಿಮ್ಮ ಬಾಯಲ್ಲೇ ಬಂತಲ್ಲ ಹೆದರಿಕೆ ಅಂತ. ಹೆದರಿದ ನಾಯಿ ಕಚ್ಚಲ್ವಾ?"

ಜಗಳವಾಡಿದವಳು ನಾನು. ಕೊಡೆ ಬಿಚ್ಚಿದ್ದು ಯಾರು, ಆರಾಮಾಗಿದೆ ಎಂದದ್ದು ಯಾರು, ನಾಲಿಗೆಗೆ ಮೂಳೆ ಇದೆಯೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಯಾವಾಗಲೂ ಕಾಲು ಕೆರೆದು ಜಗಳಕ್ಕೆ ಹೋಗುವ ಅಕ್ಕ ಅಂದು ಡ್ರೈವರ್ ಕೈಯನ್ನೇ ನೋಡುತ್ತಿದ್ದಳು. ಅದು ನನಗೆ ಇನ್ನಷ್ಟು ಉರಿಯಿತು. ಸಭೆ ತೀರ್ಮಾನ ಬದಲಾಯಿಸಲಿಲ್ಲ. ಬಾಲ್ಕನಿಯಿಂದ ನರ್ಸ್ ಯಾವಾಗಲೋ ಒಳಗೆ ಹೋಗಿದ್ದರು.

ಅವರು ಮನೆ ಖಾಲಿ ಮಾಡುವ ದಿನ ನಾವು ಸಾಮಾನು ಇಳಿಸಲು ಹೋಗಿದ್ದೆವು. ಬಸ್ ಡಿಪೋದ ಹಿಂದೆ, ನೆಲಮಟ್ಟದಲ್ಲಿ, ಸಣ್ಣದೊಂದು ಮನೆ ಸಿಕ್ಕಿತ್ತು. ನರ್ಸ್ ಗಂಡನ ಜೊತೆ ಮಾತು ಬಿಟ್ಟೇ ಇದ್ದರು. ಆದರೂ ಲಾರಿಗೆ ಎಲ್ಲಕ್ಕಿಂತ ಮೊದಲು ಏರಿಸಿದ್ದು ಸಾಹುಕಾರನ ಸೋಫಾ.

"ಇನ್ಮೇಲೆ ಡ್ಯೂಟಿಗೆ ನಾನು ಎರಡು ಬಸ್ ಹತ್ತಬೇಕು" ಎಂದರು ನನ್ನ ಹತ್ತಿರ, ಗಂಡನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

"ಒಂದು ಇವರದೇ ಬಸ್ ಅಲ್ವಾ?" ಎಂದೆ.

"ಅದ್ರಲ್ಲೂ ನಿಂತ್ಕೊಂಡೇ ಹೋಗಬೇಕು" ಎಂದು ಅವರು ಪಾತ್ರೆಯ ಬುಟ್ಟಿ ಎತ್ತಿದರು.

ನನಗೆ ತಡೆಯಲಾಗಲಿಲ್ಲ. ಲಾರಿಯ ಪಕ್ಕ ಹಗ್ಗ ಹಿಡಿದು ನಿಂತಿದ್ದ ಡ್ರೈವರ್ ಹತ್ತಿರ ಹೋಗಿ ಕೇಳಿಯೇಬಿಟ್ಟೆ. "ಅವರೇ ಹತ್ತಿ ಅಂದಿದ್ರು. ನಾಲ್ಕೇ ನಾಲ್ಕು ಹೆಜ್ಜೆ ಇತ್ತು. ಅವನು ಬೊಗಳ್ತಾನೆ ಅಂತ ಭಯ ಆಯ್ತಾ ನಿಮಗೆ?"

"ಇಲ್ಲ ಮೇಡಂ" ಎಂದರು ಅವರು. "ಬೊಗಳ್ತಿರಲಿಲ್ಲ. ದಾಟಿಬಿಡ್ತಿದ್ದ. ಅಷ್ಟು ಹೆದರಿಕೇಲೂ ಒಂದು ಕಾಲು ಮುಂದಿಟ್ಟು ನನ್ನ ಮುಖ ನೋಡಿದ. ಹೋಗು ಅಂದಿದ್ರೆ, ನಾನು ಹೇಳಿದೀನಿ ಅನ್ನೋ ಒಂದೇ ಕಾರಣಕ್ಕೆ ಹೋಗ್ತಿದ್ದ. ಅದಕ್ಕೇ ಹೇಳೋಕಾಗಲಿಲ್ಲ."

ಅವರ ಪಕ್ಕದಲ್ಲಿ ಸಾಹುಕಾರ, ಲಾರಿಗೆ ಏರುತ್ತಿದ್ದ ತನ್ನ ಲೋಕವನ್ನು ನೋಡುತ್ತ ಅವರ ಕಾಲಿಗೆ ಒರಗಿ ಕೂತಿದ್ದ. ಆ ನಾಲ್ಕು ಹೆಜ್ಜೆಯ ಮೇಲಿನ ಸಿಟ್ಟು ಮಾತ್ರ ಇಂದಿಗೂ ಹೋಗಿಲ್ಲ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ವಾಪಸು ಬರುವಾಗ ದಾರಿಯಲ್ಲಿ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಅಂಗಳದ ಗೇಟು ತೆಗೆದು ಒಳಗೆ ಬಂದು, ಸಿಮೆಂಟ್ ಬಿರುಕಿನಲ್ಲಿ ಸಿಕ್ಕಿಕೊಂಡಿದ್ದ ಹಳದಿ ದಾರದ ತುಂಡೊಂದನ್ನು ಬಗ್ಗಿ ಎತ್ತಿದಳು.

"ನಾನು ಕಲಿಸದೇ ಇದ್ದಿದ್ರೆ ಅವರು ಹತ್ತಿಬಿಡ್ತಿದ್ರು, ಅಲ್ವೇನೆ?" ಎಂದಳು.

ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿ ಉದ್ದವಾಗಿ ಆಕಳಿಸಿದಳು. ನಡು ಮಧ್ಯಾಹ್ನ ಅದು, ನಿದ್ದೆ ಬರುವ ಹೊತ್ತಲ್ಲ. ನಾನು ಸ್ವಲ್ಪ ದೂರ ಸರಿದು ನಿಂತೆ.